ತಂತಿಗೆ ಚುಚ್ಚಿಟ್ಟ ಕಾಗದಗಳು

(ಬಾನುಲಿ ಭಾಷಣ)

ನಾನು ಹುಡುಗನಾಗಿದ್ದಾಗ ದಾಂಡೇಲಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಚೌಕಟ್ಟಿನ ಪಕ್ಕದ ಮೊಳೆಗೆ, ಬಾಗಿದ ತಂತಿಯೊಂದು ತೂಗುತ್ತಿತ್ತು. ಅಂಚೆಯವನು ತಂದ ಕಾರ್ಡು, ಇನ್‌ಲ್ಯಾಂಡ್ ಪತ್ರ, ಲಗ್ನಪತ್ರಿಕೆ, ಕಿರಾಣಿ ಅಂಗಡಿಯ ಚೀಟಿ ಎಲ್ಲವೂ ಓದಿ ಮುಗಿದ ಮೇಲೆ ಆ ತಂತಿಯ ಮೊನೆಗೆ ಚುಚ್ಚಿಕೊಂಡು ಒಂದರ ಮೇಲೊಂದು ಕೂಡುತ್ತಿದ್ದವು. ದಸರೆಗೆ ಮೊದಲು ಮನೆಗೆ ಸುಣ್ಣ ಬಳಿಯುವ ಕಾಲಕ್ಕೆ ತಂದೆಯವರು ತಂತಿಯನ್ನು ಇಳಿಸಿ, ಜಗಲಿಯ ಮೇಲೆ ಕುಳಿತು, ಒಂದೊಂದೇ ಕಾಗದವನ್ನು ಬಿಡಿಸುವರು. ಮೂರು ಗುಡ್ಡೆಗಳಾಗುತ್ತಿದ್ದವು. ಒಂದು ಬಚ್ಚಲ ಒಲೆಗೆ, ಒಂದು ಮರಳಿ ತಂತಿಗೆ, ಮೂರನೆಯದು ತಾಯಿಯವರ ತಗಡಿನ ಟ್ರಂಕಿಗೆ. ಸಾವಿನ ಸುದ್ದಿ ತಂದ ಕಾರ್ಡು ಮಾತ್ರ ಆ ತಂತಿಯನ್ನು ಎಂದೂ ಕಾಣಲಿಲ್ಲ. ಅದನ್ನು ಹೊಸ್ತಿಲ ಹೊರಗೇ ಓದಿ, ಹೊರಗೇ ಹರಿದುಹಾಕುವುದು ನಮ್ಮ ಕಡೆಯ ರೂಢಿ.

ಇಂದು ಆ ತಂತಿ ಇಲ್ಲ. ಕಾಗದಗಳೆಲ್ಲ ಮನೆಯ ಗಣಕಯಂತ್ರದೊಳಗೆ ಹೋಗಿ ಕುಳಿತಿವೆ. ಅವುಗಳಿಗೆ ಮಿಂಚಂಚೆ ಎಂಬ ಸೊಗಸಾದ ಹೆಸರೂ ಬಂದಿದೆ. ಆದರೆ ದಸರೆಗೊಮ್ಮೆ ಜಗಲಿಯ ಮೇಲೆ ಕುಳಿತು ಬಿಡಿಸುವ ಕೆಲಸವನ್ನು ನಾವು ಮರೆತೆವು. ಮರೆತು ಬಹುಕಾಲದ ಮೇಲೆ ಒಂದು ದಿನ ಅವಸರದಿಂದ ಆ ಕೆಲಸಕ್ಕೆ ಕೈಹಾಕಿದವನಿಗೆ ಏನಾಯಿತು, ಆ ಕೆಲಸವನ್ನು ಕ್ರಮವರಿತು ಮಾಡುವುದು ಹೇಗೆ ಎಂಬ ಎರಡು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನಮ್ಮ ಮನೆಗೆ ಗಣಕಯಂತ್ರ ಬಂದದ್ದು 2002ರಲ್ಲಿ. ಅಣ್ಣ ಟೊರಾಂಟೊದಲ್ಲಿದ್ದ. ಆಗ ಅಂತರಜಾಲವೆಂದರೆ ದೂರವಾಣಿಯ ತಂತಿಯ ಮೂಲಕ ಬರುವ ವಸ್ತು. ಸಂಚಾರ್‌ನೆಟ್ ಕಾರ್ಡಿನ ಗಂಟೆಗಳು ಕರಗುವುದರ ಜತೆಗೆ ದೂರವಾಣಿಯ ಬಿಲ್ಲೂ ಏರುತ್ತಿತ್ತು. ಆದಕಾರಣ ಯಾರೂ ತಂತಿಯ ಮೇಲೆ ಕುಳಿತು ಪತ್ರ ಓದುತ್ತಿರಲಿಲ್ಲ. ಸಂಪರ್ಕ ಸಿಕ್ಕ ಕೂಡಲೇ ಬಂದ ಪತ್ರಗಳನ್ನೆಲ್ಲ ಮನೆಯ ಯಂತ್ರಕ್ಕೆ ಇಳಿಸಿಕೊಂಡು, ಸಂಪರ್ಕ ಕಡಿದು, ಸಾವಕಾಶವಾಗಿ ಓದುವುದು. ಪಾಪ್ ಎಂಬ ಈ ಪದ್ಧತಿಯಲ್ಲಿ, ನಾವು ಬೇರೆಯಾಗಿ ಹೇಳಿರದಿದ್ದರೆ, ಇಳಿಸಿಕೊಂಡ ಪತ್ರ ದೂರದ ಅಂಚೆಮನೆಯಿಂದ ಅಳಿದುಹೋಗುವುದು. ಉಳಿಯುವುದು ನಮ್ಮ ಯಂತ್ರದಲ್ಲಿನ ಒಂದೇ ಪ್ರತಿ. ಈ ಒಂದು ಸಂಗತಿಯನ್ನು ನಾನು ಆಗ ತಿಳಿದಿದ್ದರೆ ಇಂದಿನ ಭಾಷಣಕ್ಕೆ ಕಾರಣವೇ ಇರುತ್ತಿರಲಿಲ್ಲ.

ಅಣ್ಣ ಪ್ರತಿ ಭಾನುವಾರ ಕನ್ನಡದಲ್ಲಿ ಪತ್ರ ಬರೆಯುತ್ತಿದ್ದ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಹೊರಬಂದು, ಪರದೇಶದಲ್ಲಿದ್ದ ಕನ್ನಡಿಗರಿಗೆ ತಮ್ಮ ಅಕ್ಷರವನ್ನು ಮರಳಿ ಕೊಟ್ಟಿತ್ತು. ಆದರೆ ಆ ಕಾಲದ ಕನ್ನಡ ಪತ್ರಗಳು ಬಹುಮಟ್ಟಿಗೆ ಅಕ್ಷರರೂಪದ ಉಪಾಯದಿಂದ ನಡೆಯುತ್ತಿದ್ದವು. ಯಂತ್ರ ತನ್ನೊಳಗೆ ಬರೆದುಕೊಳ್ಳುತ್ತಿದ್ದುದು ಇಂಗ್ಲಿಷ್ ಲಿಪಿಯ ಚಿಹ್ನೆಗಳನ್ನೇ. ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿದ್ದುದು ಯಂತ್ರದಲ್ಲಿ ಹಾಕಿಟ್ಟ ಫಾಂಟು. ಫಾಂಟು ಇದ್ದಲ್ಲಿ ಪತ್ರ, ಇಲ್ಲದಲ್ಲಿ ವಿಚಿತ್ರ ಚಿಹ್ನೆಗಳ ಸಂತೆ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿ ರೂಢಿಗೆ ಬಂದ ಮೇಲೆ ಈ ತೊಡಕು ನೀಗಿತು. ಆದರೆ ಹಳೆಯ ಪತ್ರಗಳು ಹಳೆಯ ವೇಷವನ್ನೇ ಕಾಯುತ್ತ ಉಳಿದವು.

2009ರಲ್ಲಿ ನಾವು ಯಂತ್ರ ಬದಲಿಸಿದೆವು. ಪತ್ರಗಳು ಹೊಸ ಯಂತ್ರಕ್ಕೆ ಬಂದವು, ಫಾಂಟು ಬರಲಿಲ್ಲ. ಅಣ್ಣ 2012ರಲ್ಲಿ ತೀರಿಕೊಂಡ. ಅಣ್ಣನ ಮಗ ಕಳಿಸಿದ ಸುದ್ದಿಯನ್ನು ಓದಿ, ಹಳೆಯ ರೂಢಿಯಂತೆ ಅಂದೇ ಅಳಿಸಿದೆ. ಆದರೆ ಮಿಂಚಂಚೆಗೆ ಹೊಸ್ತಿಲಿಲ್ಲ. ಬಂಧುಗಳು ಬರೆದ ಒಂದೊಂದು ಸಾಂತ್ವನದ ಉತ್ತರದ ಬುಡದಲ್ಲೂ ಆ ಮೊದಲ ಪತ್ರ ಅಂಟಿಕೊಂಡೇ ಬಂದಿತು. ಹರಿದುಹಾಕಿದ ಕಾರ್ಡು ತಿಂಗಳುಗಟ್ಟಲೆ ಮತ್ತೆ ಮತ್ತೆ ಕೈಗೆ ಬರುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಯಂತ್ರ ಬಹಳ ನಿಧಾನವಾಯಿತೆಂದು ನಾನು ಶುದ್ಧೀಕರಣಕ್ಕೆ ಕುಳಿತೆ. ಜಾಹೀರಾತುಗಳ ನಡುವೆ ಸಾಲುಸಾಲಾಗಿ ಅರ್ಥವಿಲ್ಲದ ಚಿಹ್ನೆಗಳ ಪತ್ರಗಳಿದ್ದವು. ತೆರೆದು ನೋಡಿದೆ, ಯಾವ ಭಾಷೆಯೂ ಅಲ್ಲ. ಕಳಿಸಿದವರ ವಿಳಾಸವೂ ಪರಿಚಯದ್ದೆನಿಸಲಿಲ್ಲ, ಏಕೆಂದರೆ ಅದು ಅಣ್ಣ ಬಹಳ ಹಿಂದೆ ಬಿಟ್ಟುಕೊಟ್ಟ ಕಚೇರಿಯ ವಿಳಾಸ. ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸಿದೆ, ಕಸದ ಬುಟ್ಟಿಯನ್ನು ಬರಿದುಮಾಡಿದೆ. ಯಂತ್ರ, ಜಾಗ ಉಳಿಸಲು ಪತ್ರಗಳನ್ನು ಒತ್ತಾಗಿ ಜೋಡಿಸಲೇ ಎಂದು ಕೇಳಿದಾಗ ಹೂಂ ಎಂದೆ. ಅಳಿದದ್ದು ಏನೆಂಬುದು ಗೊತ್ತಾದದ್ದು, ಕೆಲವು ವಾರಗಳ ಮೇಲೆ ಅಂಥದೇ ಚಿಹ್ನೆಗಳ ಹಳೆಯ ಕಡತವೊಂದನ್ನು ಮಿತ್ರರೊಬ್ಬರು ನನ್ನ ಕಣ್ಣೆದುರಿಗೇ ಕನ್ನಡಕ್ಕೆ ತಿರುಗಿಸಿ ತೋರಿಸಿದಾಗ.

ಇಲ್ಲಿ ಯಂತ್ರದೊಳಗಿನ ವ್ಯವಹಾರವನ್ನು ಸ್ವಲ್ಪ ವಿವರಿಸಬೇಕು. ಥಂಡರ್‌ಬರ್ಡ್‌ನಂಥ ಅಂಚೆಯ ತಂತ್ರಾಂಶ, ಸಾಮಾನ್ಯವಾಗಿ, ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಒಂದೇ ಉದ್ದನೆಯ ಕಡತದಲ್ಲಿ, ಅಂಗಡಿಯ ಕಿರ್ದಿಪುಸ್ತಕದಂತೆ, ಒಂದರ ಕೆಳಗೊಂದು ಬರೆದಿಡುತ್ತದೆ. ನಾವು ಒಂದು ಪತ್ರವನ್ನು ಅಳಿಸಿದಾಗ ಆ ಪುಟ ಹರಿದುಹೋಗುವುದಿಲ್ಲ. ‘ಇದು ಲೆಕ್ಕಕ್ಕಿಲ್ಲ’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಕಾಂಪ್ಯಾಕ್ಟ್ ಮಾಡು ಎಂದಾಗ, ಗುರುತಿಲ್ಲದ ಪತ್ರಗಳನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿ ಹಳೆಯ ಪುಸ್ತಕವನ್ನು ತೆಗೆದುಹಾಕುತ್ತದೆ. ಅಲ್ಲಿಗೆ ಮರಳುವ ದಾರಿ ಬಹುಮಟ್ಟಿಗೆ ಮುಚ್ಚಿತು.

ಇದನ್ನು ಜೋಯಿಡಾ ಕಡೆಯವರಿಗೆ ತಿಳಿಸುವುದು ಸುಲಭ. ನನ್ನ ತಾಯಿಯವರ ತವರು ಸೂಪಾ. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಆ ಊರು ಗಣೇಶಗುಡಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅನೇಕ ಮನೆತನಗಳು ರಾಮನಗರದ ಪುನರ್ವಸತಿಗೆ ಬಂದವು. ತಾಲೂಕಿಗೆ ಸೂಪಾ ಎಂದಿದ್ದ ಹೆಸರೂ ಹೋಗಿ ಜೋಯಿಡಾ ಎಂಬುದು ನಿಂತಿತು. ಆದರೂ ಜಲಾಶಯ ಬಹಳ ಬತ್ತಿದ ಬೇಸಿಗೆಗಳಲ್ಲಿ ಹಳೆಯ ಊರಿನ ಅವಶೇಷಗಳು ತಲೆಯೆತ್ತುವುದುಂಟು. ಅಳಿಸಿದ ಪತ್ರ ಕಾಂಪ್ಯಾಕ್ಟ್ ಆಗುವ ಮೊದಲು ಹಾಗೆ ನೀರಿನಡಿಯ ಊರು. ಕಾಂಪ್ಯಾಕ್ಟ್ ಆದ ಮೇಲೆ ಊರೂ ಇಲ್ಲ, ಅವಶೇಷವೂ ಇಲ್ಲ.

ಹಾಗಾದರೆ ಶುದ್ಧೀಕರಣದ ಕ್ರಮ ಯಾವುದು? ಮೊದಲ ನಿಯಮ, ಅಳಿಸುವ ಮೊದಲು ನಕಲು. ಅಂಚೆಯ ತಂತ್ರಾಂಶವನ್ನು ಪೂರ್ತಿಯಾಗಿ ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು. ಥಂಡರ್‌ಬರ್ಡ್‌ನಲ್ಲಿ ಆ ಫೋಲ್ಡರ್ ಎಲ್ಲಿದೆಯೆಂಬುದನ್ನು ಹೆಲ್ಪ್ ಪಟ್ಟಿಯ ಟ್ರಬಲ್‌ಶೂಟಿಂಗ್ ಮಾಹಿತಿಯೇ ತೋರಿಸುತ್ತದೆ. ಪತ್ರಗಳು ಜಿಮೇಲಿನಲ್ಲಿದ್ದರೆ ಗೂಗಲ್ ಟೇಕ್‌ಔಟ್ ಎಂಬ ಸೌಕರ್ಯದಿಂದ ಅವನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಬಹುದು. ನಕಲು ಮಾಡಿದರೆ ಸಾಲದು. ಅದರಿಂದ ನಾಲ್ಕು ಪತ್ರ ತೆರೆದು ಓದಿ ನೋಡಬೇಕು. ತೆರೆದು ನೋಡದ ನಕಲು, ಬೀಗದ ಕೈ ಕಳೆದ ಪೆಟ್ಟಿಗೆಯಂತೆ.

ಎರಡನೆಯದು, ಪತ್ರಗಳ ನಿಜವಾದ ವಾಸಸ್ಥಾನ ಯಾವುದೆಂಬುದನ್ನು ಅರಿಯುವುದು. ಪಾಪ್ ಪದ್ಧತಿಯಾದರೆ ಪ್ರತಿ ಮನೆಯಲ್ಲಿದೆ. ಈಗ ಹೆಚ್ಚು ಬಳಕೆಯಲ್ಲಿರುವ ಐಮ್ಯಾಪ್ ಪದ್ಧತಿಯಾದರೆ ಮೂಲಪತ್ರ ದೂರದ ಅಂಚೆಮನೆಯಲ್ಲಿದ್ದು, ನಮ್ಮೆದುರಿಗಿರುವುದು ಅದರ ಪ್ರತಿಬಿಂಬ. ಪ್ರತಿಬಿಂಬವನ್ನು ಅಳಿಸಿದರೆ ಮೂಲವೂ ಅಳಿಯುತ್ತದೆ. ‘ಯಂತ್ರದಲ್ಲಿ ಮಾತ್ರ ಅಳಿಸಿದೆ, ಮೊಬೈಲಿನಲ್ಲಿ ಇದ್ದೇ ಇದೆಯಲ್ಲ’ ಎಂಬ ಧೈರ್ಯ ಇಲ್ಲಿ ನಡೆಯದು. ಜಿಮೇಲಿನ ಕಸದ ಬುಟ್ಟಿ ಅಳಿಸಿದ ಪತ್ರವನ್ನು 30 ದಿನ ಕಾಯುತ್ತದೆ, ಆಮೇಲೆ ತಾನಾಗಿ ಬರಿದಾಗುತ್ತದೆ. ದೂರದ ಅಂಚೆಮನೆಯೂ ಶಾಶ್ವತವಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಸಾರಿತು. ತೀರಿಹೋದವರ ಖಾತೆಯನ್ನು ಬಳಸುವವರು ಯಾರು? ಮನೆಯಲ್ಲಿ ಹಿರಿಯರಿದ್ದರೆ ಅವರ ಸಮ್ಮತಿಯಿಂದ ಈ ವ್ಯವಸ್ಥೆಯನ್ನು ಅವರಿರುವಾಗಲೇ ಮಾಡಿಡುವುದು ವಿಹಿತ.

ಮೂರನೆಯದು, ಆರಿಸುವ ಕೆಲಸ. ಪತ್ರಗಳನ್ನು ತಾರೀಖಿನ ಬದಲು ಗಾತ್ರದಂತೆ ಸಾಲುಗೂಡಿಸಿ ನೋಡಿರಿ. ಜಾಗ ತಿನ್ನುವುದು ಅಕ್ಷರವಲ್ಲ. ಯೂನಿಕೋಡಿನ ರೂಢಿಯ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು. ಆದರೂ ಮೂರುನಾಲ್ಕು ಪುಟಗಳ ಕಾಗದ 20 ಕಿಲೋಬೈಟನ್ನು ಮೀರುವುದು ಅಪರೂಪ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 4 ಮೆಗಾಬೈಟಿನದಾದರೆ ಅದು ಅಂಥ 200 ಕಾಗದಗಳ ಜಾಗವನ್ನು ನುಂಗುತ್ತದೆ. ಪತ್ರಕ್ಕೆ ಲಗತ್ತಾದಾಗ ಚಿತ್ರದ ತೂಕ ಮೂರನೆಯ ಒಂದು ಪಾಲಿನಷ್ಟು ಇನ್ನೂ ಏರುತ್ತದೆ, ಏಕೆಂದರೆ ಅಂಚೆಯ ಹಾದಿಗೆ ಹೊಂದುವಂತೆ ಅದನ್ನು ಅಕ್ಷರರೂಪಕ್ಕೆ ತಿರುಗಿಸಿ ಕಳಿಸಬೇಕಾಗುತ್ತದೆ. ಆದ್ದರಿಂದ ಚಿತ್ರಗಳನ್ನು ಬೇರೆ ಫೋಲ್ಡರಿಗೆ ತೆಗೆದಿಟ್ಟು, ದೊಡ್ಡ ಲಗತ್ತುಗಳನ್ನು ಮಾತ್ರ ಕಳಚಿದರೆ ಸಾಕು. ಮನುಷ್ಯರು ಬರೆದ ಮಾತುಗಳನ್ನು ಜಾಗದ ನೆಪದಿಂದ ಅಳಿಸಲು ಕಾರಣವೇ ಇಲ್ಲ.

ಜಾಹೀರಾತುಗಳನ್ನು ಕಳಿಸಿದವರ ಹೆಸರಿನಂತೆ ಒಟ್ಟುಗೂಡಿಸಿ ಒಂದೇ ಪಟ್ಟಿಗೆ ತೆಗೆಯಬಹುದು. ಗುಪ್ತಪದ, ಆಧಾರ್ ಪ್ರತಿ, ಬ್ಯಾಂಕಿನ ವಿವರಗಳಿರುವ ಹಳೆಯ ಪತ್ರಗಳನ್ನು ಹುಡುಕಿ ತೆಗೆಯುವುದಂತೂ ಅವಶ್ಯ. ಖಾತೆಗೆ ಕನ್ನ ಬಿದ್ದ ದಿನ ಕಳ್ಳ ಮೊದಲು ಹುಡುಕುವುದು ಅವುಗಳನ್ನೇ. ಅಪರಿಚಿತರ ಲಗತ್ತನ್ನು ‘ಏನೆಂದು ನೋಡಿ ಅಳಿಸೋಣ’ ಎಂದು ತೆರೆಯಬಾರದು. ಚಿಹ್ನೆಗಳ ಸಂತೆಯಂತೆ ಕಾಣುವ 2000ದ ಆಚೀಚಿನ ಪತ್ರಗಳನ್ನು ದಯವಿಟ್ಟು ಅಳಿಸಬೇಡಿರಿ. ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಕಸವೆಂದು ಕಂಡದ್ದು ಕನ್ನಡವಾಗಿರಬಹುದು.

ನಾಲ್ಕನೆಯದು, ಹವೆ ಮತ್ತು ವಿದ್ಯುತ್ತು. ಕಾಂಪ್ಯಾಕ್ಟ್ ಮಾಡುವಾಗ ಡಿಸ್ಕಿನಲ್ಲಿ ಸಾಕಷ್ಟು ತೆರಪಿರಬೇಕು, ನಡುವೆ ವಿದ್ಯುತ್ತು ಹೋಗಬಾರದು. ಹೊಸ ಪುಸ್ತಕ ಅರ್ಧ ಬರೆದಾಗ ಲೇಖಣಿ ಕಸಿದಂತಾದರೆ ಲೆಕ್ಕ ಕೆಡಬಹುದು. ಬೆಳಕಿಗಾಗಿ ಊರನ್ನೇ ಕೊಟ್ಟ ಸೀಮೆಯಲ್ಲಿ ಮಳೆಗಾಲದ ಕತ್ತಲೆಯ ಪರಿಚಯ ಯಾರಿಗಿಲ್ಲ? ಯುಪಿಎಸ್ ಇದ್ದಾಗ, ಆಕಾಶ ತಿಳಿಯಾಗಿದ್ದಾಗ ಈ ಕೆಲಸಕ್ಕೆ ಕೂಡುವುದು ಮೇಲು. ಗುಡುಗಿನ ಹೊತ್ತಿಗೆ ಪ್ಲಗ್ಗನ್ನೂ ಜಾಲದ ತಂತಿಯನ್ನೂ ಕಳಚಿಡಬೇಕು. ನಕಲುಗಳು ಎರಡಿರಲಿ, ಎರಡೂ ಒಂದೇ ಕಪಾಟಿನಲ್ಲಿರದಿರಲಿ. ನಮ್ಮದೊಂದು ದಾಂಡೇಲಿಯಲ್ಲಿದೆ, ಇನ್ನೊಂದು ಹಳಿಯಾಳದಲ್ಲಿ ತಂಗಿಯ ಮನೆಯಲ್ಲಿ. ದಾಂಡೇಲಿಗಿಂತ ಹಳಿಯಾಳದ ಹವೆ ಒಣದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುಂಚೆ ಮಾತ್ರ ಡಿಸ್ಕನ್ನು ತೆಗೆದಿರಿಸಿಕೊಳ್ಳಿರಿ, ಇಲ್ಲವೆ ಪೂರ್ತಿ ಒರೆಸಿ ಕೊಡಿರಿ. ಅಳಿಸಿದ್ದೆಲ್ಲ ಅಳಿದಿರುವುದಿಲ್ಲವೆಂದು ಆಗಲೇ ಹೇಳಿದೆನಲ್ಲ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬುದು ನನ್ನ ವಾದವಲ್ಲ. ಮುಂಡಗೋಡದ ಟಿಬೆಟನ್ನರ ವಸಾಹತು 1966ರಲ್ಲಿ ಆರಂಭವಾಯಿತು. ನಾಡು ಬಿಟ್ಟು ಬಂದ ಆ ಜನ ಗಾದೆನ್, ದ್ರೆಪುಂಗ್ ಎಂಬ ತಮ್ಮ ಮಹಾವಿಹಾರಗಳನ್ನೇ ಇಲ್ಲಿ ಮತ್ತೆ ಕಟ್ಟಿದರು. ಗ್ರಂಥಗಳನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡರು. ಅದೇ ಸಂಪ್ರದಾಯದ ಭಿಕ್ಷುಗಳು ದಿನಗಟ್ಟಲೆ ಕುಳಿತು ಬಣ್ಣದ ಮರಳಿನಿಂದ ಮಂಡಲವನ್ನು ರಚಿಸುತ್ತಾರೆ. ಮುಗಿದ ಮೇಲೆ ತಾವೇ ಅದನ್ನು ಗುಡಿಸಿ ನೀರಿಗೆ ಬಿಡುತ್ತಾರೆ. ಉಳಿಸುವುದನ್ನೂ ಬಿಡುವುದನ್ನೂ ಒಂದೇ ಕೈ ಬಲ್ಲದು. ಆದರೆ ಅವರು ಏನನ್ನು ಗುಡಿಸುತ್ತಿದ್ದೇವೆಂಬುದನ್ನು ಅರಿತು ಗುಡಿಸುತ್ತಾರೆ. ನಾನು ಅರಿಯದೆ ಗುಡಿಸಿದೆ.

ಅಣ್ಣನ ಪತ್ರಗಳ ಕಥೆಯನ್ನು ಮುಗಿಸಿಬಿಡುತ್ತೇನೆ. ಕಾಗದದ ಪತ್ರ ಓದುವವನ ಬಳಿ ಮಾತ್ರ ಇರುತ್ತದೆ. ಮಿಂಚಂಚೆಯ ಪ್ರತಿ ಬರೆದವನ ಬಳಿಯೂ ಉಳಿಯುವುದುಂಟು. ಅತ್ತಿಗೆಯವರಿಗೆ ನಡೆದದ್ದನ್ನು ನಾಚಿಕೆಬಿಟ್ಟು ತಿಳಿಸಿದೆ. ಅವರು ಒಂದು ಮಾತೂ ಆಡದೆ ಅಣ್ಣನ ಯಂತ್ರದಲ್ಲಿನ ‘ಕಳಿಸಿದ ಪತ್ರ’ಗಳನ್ನು ಹುಡುಕಿ, ನನಗೆ ಬರೆದವನ್ನಷ್ಟೇ ಆರಿಸಿ ಕಳಿಸಿಕೊಟ್ಟರು. 2005ರಿಂದ ಈಚಿನವೆಲ್ಲ ಬಂದವು. ಅದಕ್ಕೆ ಹಿಂದಿನವು ಕಚೇರಿಯ ವಿಳಾಸದೊಂದಿಗೆ ಹೋಗಿದ್ದವು.

ಮೊದಲ ಮೂರು ವರ್ಷಗಳ ಪತ್ರಗಳಲ್ಲಿ ಉಳಿದವು ನಾಲ್ಕು. ಅವು ಯಾವ ಡಿಸ್ಕಿನಲ್ಲೂ ಇರಲಿಲ್ಲ. ಪರದೆಯ ಮೇಲೆ ಓದಲು ತಾಯಿಯವರಿಗೆ ಕಣ್ಣು ಸಾಗುತ್ತಿರಲಿಲ್ಲವೆಂದು, ಫಾಂಟು ಇದ್ದ ಕಾಲದಲ್ಲಿ, ನಾಲ್ಕು ಪತ್ರಗಳನ್ನು ನಾನು ಕಾಗದದ ಮೇಲೆ ಮುದ್ರಿಸಿಕೊಟ್ಟಿದ್ದೆ. ಸೂಪಾದಿಂದ ಬಂದ ಆ ತಗಡಿನ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಅವು ಸಿಕ್ಕವು. ಈ ಊರಿನ ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1955ರಲ್ಲಿ. ಅದರ ಬಳಿಯೇ ಬಾಳಿದ ನನಗೆ ಕಾಗದದ ಬೆಲೆ ತಿಳಿದದ್ದು ಅಂದು. ಈಗ ಪ್ರತಿವರ್ಷ ದಸರೆಗೆ ಮೊದಲು ಪತ್ರಗಳನ್ನು ಬಿಡಿಸಲು ಕೂಡುತ್ತೇನೆ. ನಕಲು ಮಾಡಿ, ಆರಿಸಿ, ಅಳಿಸಿ, ಕೊನೆಗೆ ಆ ವರ್ಷದ ಐದಾರು ಪತ್ರಗಳನ್ನು ಕಾಗದದ ಮೇಲೆ ಇಳಿಸಿ ಟ್ರಂಕಿಗೆ ಹಾಕುತ್ತೇನೆ.