ಚೆನ್ನಾಗಿ ಆಡ್ತೀಯ, ಸರಿ. ಯಾವ ಕಾಲೇಜಿಗೆ ಹೋಗ್ತೀಯ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಎಲ್ಲರ ಮನೆಯಲ್ಲೂ ಒಂದೇ ಮಾತು: ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಕೆಲವು ಮನೆಗಳಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಇರುತ್ತೆ. ಹುಡುಗಿ ಖೋ ಖೋ ಚೆನ್ನಾಗಿ ಆಡ್ತಾಳೆ, ಎಲ್ಲಿಗೆ ಕಳಿಸೋದು? ಇವತ್ತು ಅದರ ಬಗ್ಗೆ ಮಾತಾಡೋಣ.

ಅಮೆರಿಕದಲ್ಲಿ ಹೈಸ್ಕೂಲಲ್ಲಿ ಬೇಸ್‌ಬಾಲ್ ಚೆನ್ನಾಗಿ ಆಡೋ ಹುಡುಗರನ್ನ ಕಾಲೇಜ್ ಕೋಚ್‌ಗಳು ಹುಡುಕ್ಕೊಂಡು ಬರ್ತಾರೆ, ಸ್ಕಾಲರ್‌ಶಿಪ್ ಮಾತಾಡ್ತಾರೆ. ನಮ್ಮ ಕಡೆ ಅಷ್ಟು ಗದ್ದಲ ಇಲ್ಲ. ಪಿಇ ಮೇಷ್ಟ್ರ ಮೊಬೈಲಿಗೆ ಒಂದು ಫೋನ್ ಬರುತ್ತೆ, ಅಷ್ಟೇ. ಆ ಒಂದು ಫೋನಿನ ಮೇಲೆ ಹದಿನಾರು ವರ್ಷದ ಮಗುವಿನ ಮುಂದಿನ ಐದು ವರ್ಷ ನಿಂತಿರುತ್ತೆ.

ನಮ್ಮೂರು ನವಲಿ, ಕನಕಗಿರಿ ತಾಲ್ಲೂಕು. ಪೇಪರ್ ಓದೋರಿಗೆ ನವಲಿ ಅಂದ್ರೆ ತುಂಗಭದ್ರಾ ಹೂಳಿನ ಕಥೆ, ಇನ್ನೂ ಕಾಗದದಲ್ಲೇ ಇರೋ ಸಮಾನಾಂತರ ಜಲಾಶಯ ನೆನಪಾಗುತ್ತೆ. ನನಗೆ ಸ್ಕೂಲ್ ಮೈದಾನದ ಎರಡು ಕಂಬ ನೆನಪಾಗುತ್ತೆ. ನಮ್ಮಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸ್ ಮುಗಿಸಿದಳು. ಅವಳಿಗೆ ಎರಡು ದಾರಿ ಇದಾವೆ. ಒಂದು, ದಿನಾ ಬಸ್ಸಿಗೆ ಗಂಗಾವತಿಗೆ ಹೋಗಿ ಪಿಯು ಓದೋದು. ಇನ್ನೊಂದು, ಕರಾವಳಿಯ ಒಂದು ಕಾಲೇಜಿನ ಸೆಲೆಕ್ಷನ್ ಟ್ರಯಲ್‌ಗೆ ಹೋಗೋದು. ಆಯ್ಕೆ ಆದ್ರೆ ಊಟ, ಹಾಸ್ಟೆಲ್, ಫೀಸು ಎಲ್ಲಾ ಅವರದೇ.

ಈ ಎರಡನೇ ದಾರಿ ಹೊಸದೇನಲ್ಲ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನ ದತ್ತು ತಗೊಂಡು ಉಚಿತವಾಗಿ ಓದಿಸುತ್ತೆ. ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಪದಕಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತೆ. ಸರ್ಕಾರದ ಕಡೆಯಿಂದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್‌ಗಳಿವೆ, ಧಾರವಾಡದಲ್ಲಿ ಸಾಯ್ ತರಬೇತಿ ಕೇಂದ್ರ ಇದೆ. ನಮ್ಮ ಜಿಲ್ಲೆಗಳಲ್ಲಿ ಈ ಮಾಹಿತಿ ಮೇಷ್ಟ್ರು ಹೇಳಿದರೆ ಉಂಟು, ಇಲ್ಲಾಂದ್ರೆ ಇಲ್ಲ. ಅದಕ್ಕೇ ಹೇಳ್ತಿದೀನಿ.

ಅಕ್ಕ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ರೊಟ್ಟಿ ಸಿಗ್ತೈತೇನೋ ತಮ್ಮ?" ನಗಬೇಡಿ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗಿ ಮೂರು ಹೊತ್ತು ಕುಚ್ಚಲಕ್ಕಿ ಅನ್ನ ತಿನ್ನಬೇಕು. ಜೂನ್‌ನಲ್ಲಿ ಶುರುವಾದ ಮಳೆ ನಿಲ್ಲೋದೇ ಇಲ್ಲ, ಸುತ್ತ ತುಳು ಮಾತು. ಮೊದಲ ಎರಡು ತಿಂಗಳಲ್ಲೇ ಬ್ಯಾಗ್ ಕಟ್ಟಿಕೊಂಡು ವಾಪಸ್ ಬಂದವರನ್ನ ನಾನು ನೋಡೀನಿ. ಆಟ ಬರದೇ ಬಂದವರಲ್ಲ ಅವರು.

ಆದ್ರೆ ನಾನು ಮೊದಲು ಕೇಳೋ ಪ್ರಶ್ನೆ ಬೇರೆ. ಖೋ ಖೋದಲ್ಲಿ ಕಣಕ್ಕೆ ಇಳಿಯೋರು 9 ಜನ. ಆ ಹಾಸ್ಟೆಲಲ್ಲಿ ಖೋ ಖೋ ಹುಡುಗಿಯರು ಎಷ್ಟು ಜನ ಇದಾರೆ? ಮೂವತ್ತು ಜನ ಇದ್ದರೆ, ನಮ್ಮ ಹುಡುಗಿ ಎರಡು ವರ್ಷ ಬೆಂಚ್ ಮೇಲೆ ಕೂತು ಬೇರೆಯವರ ಟ್ರ್ಯಾಕ್‌ಸೂಟ್ ಕಾಯಬಹುದು. ದೊಡ್ಡ ಹೆಸರಿನ ತಂಡದಲ್ಲಿ ಇದೀನಿ ಅನ್ನೋದು ಬೇರೆ, ಆಡ್ತಿದೀನಿ ಅನ್ನೋದು ಬೇರೆ. ಇನ್ನೊಂದು ಕಡೆಯಿಂದಲೂ ನೋಡಿ: ದಿನಾ ತನಗಿಂತ ಚುರುಕಾದವರನ್ನ ಅಟ್ಟಿಸಿಕೊಂಡು ಓಡಿದರೆ ಮಾತ್ರ ಕಾಲು ಚುರುಕಾಗೋದು. ಗಂಗಾವತಿಯಲ್ಲಿ ಅವಳಿಗೆ ಜಾಗ ಸುಲಭ, ಎದುರಾಳಿ ಕಷ್ಟ.

ಈಗ ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಬೇಕಾದ್ರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಕ್ಕೆ ಫಾರ್ಮ್ 1, 2, 3, 4 ಅಂತ ಇವೆ. 1 ಅಂತಾರಾಷ್ಟ್ರೀಯ ಆಟಕ್ಕೆ, 2 ರಾಷ್ಟ್ರೀಯಕ್ಕೆ, 3 ಅಂತರ ವಿಶ್ವವಿದ್ಯಾಲಯ ಕೂಟಕ್ಕೆ, 4 ರಾಷ್ಟ್ರೀಯ ಶಾಲಾ ಕೂಟಕ್ಕೆ. ತಾಲ್ಲೂಕು ಮಟ್ಟದ ಫಸ್ಟ್ ಪ್ರೈಜ್ ಎಷ್ಟೇ ಇದ್ದರೂ ಈ ನಾಲ್ಕರಲ್ಲಿ ಎಲ್ಲೂ ಕೂರಲ್ಲ. ಅಂದ್ರೆ ಕಾಲೇಜ್ ಆಯ್ಕೆ ಮಾಡೋವಾಗ ಕೇಳಬೇಕಾದ್ದು "ನಿಮ್ಮಲ್ಲಿ ಕಪ್ ಎಷ್ಟು?" ಅಂತಲ್ಲ. "ಕಳೆದ ವರ್ಷ ನಿಮ್ಮ ಪಿಯು ಹುಡುಗಿಯರಲ್ಲಿ ಎಷ್ಟು ಜನ ರಾಜ್ಯ ತಂಡಕ್ಕೆ ಹೋದರು?" ಅಂತ. ಅಂತರ ವಿಶ್ವವಿದ್ಯಾಲಯ ಕೂಟ ಸಿಗೋದು ಡಿಗ್ರಿಗೆ ಹೋದ ಮೇಲೆ. ಹಂಗಾಗಿ ಪಿಯು ಮುಗಿದ ಮೇಲೂ ಇಟ್ಕೊಳ್ತಾರಾ ಅಂತ ಈಗಲೇ ಕೇಳಬೇಕು.

ನಮ್ಮ ಭಾಗದ ಕಾಲೇಜಿಗೂ ಒಂದು ಲೆಕ್ಕ ಇದೆ. ಕೊಪ್ಪಳ ವಿಶ್ವವಿದ್ಯಾಲಯ 2023ರಲ್ಲಿ ಶುರುವಾದದ್ದು. ಹೊಸ ವಿಶ್ವವಿದ್ಯಾಲಯದ ತಂಡಕ್ಕೆ ಪೈಪೋಟಿ ಕಡಿಮೆ ಅಂತ ಒಬ್ಬರು ಮೇಷ್ಟ್ರು ಹೇಳಿದರು. ಮಾತು ಸುಳ್ಳಲ್ಲ. ಆದ್ರೆ ತಂಡಕ್ಕೆ ಸೇರೋದೇ ಗುರಿ ಆದ್ರೆ, ದಕ್ಷಿಣ ವಲಯದ ಮೊದಲ ಮ್ಯಾಚಿಗೇ ವಾಪಸ್ ಬಸ್ ಹತ್ತಬೇಕಾಗುತ್ತೆ.

ಹಳ್ಳಿಯಲ್ಲಿದ್ದು ಏನಾಗುತ್ತೆ ಅನ್ನೋರಿಗೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೀತು, ಭಾರತದ ಎರಡೂ ತಂಡ ಗೆದ್ದವು. ಮಹಿಳಾ ತಂಡದಲ್ಲಿದ್ದ ಚೈತ್ರಾ ಬಿ. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿ ಅಡ್ಡಿ ಅಲ್ಲ. ದಿನಾ ಬೆಳಗ್ಗೆ ಮೈದಾನಕ್ಕೆ ಬರೋ ಕೋಚ್ ಇಲ್ಲದಿರೋದು ಅಡ್ಡಿ.

ಇನ್ನು ಕಾಗದ ಪತ್ರ, ಬೇಗ ಹೇಳಿಬಿಡ್ತೀನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಲ್ಲಿ ಇಟ್ಕೊಳ್ತಾರಾ, ನಡುವೆ ಬಿಟ್ಟರೆ ವಾಪಸ್ ಕೊಡ್ತಾರಾ, ದುಡ್ಡು ಕಟ್ಟು ಅಂತಾರಾ? ಮಂಡಿ ತಿರುಚಿದರೆ ಸ್ಕ್ಯಾನ್, ಆಪರೇಷನ್ ಖರ್ಚು ಯಾರದು? ಆಡೋಕೆ ಆಗದ ಆರು ತಿಂಗಳು ಹಾಸ್ಟೆಲ್ ಇರುತ್ತಾ? ಇದೆಲ್ಲ ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳಿ. ಯಾರಾದ್ರೂ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. 371(ಜೆ) ಪ್ರಮಾಣಪತ್ರ ಊರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ. ಮುಂದೆ ಸೀಟಿಗೂ ಬೇಕು, ಕೆಲಸಕ್ಕೂ ಬೇಕು.

ಓದು? ಬೆಳಗ್ಗೆ ಎರಡು ತಾಸು, ಸಂಜೆ ಎರಡು ತಾಸು ಪ್ರಾಕ್ಟೀಸ್ ಮಾಡಿ ಸೈನ್ಸ್ ಓದೋರು ಇದಾರೆ, ಕಡಿಮೆ ಇದಾರೆ. ನಮ್ಮ ಹುಡುಗಿಗೆ ಆರ್ಟ್ಸ್ ಇಷ್ಟ. ಅವರಪ್ಪಗೆ ಅದೇ ಬೇಜಾರು. "ಆಡಾಕ ಹೋಗಿ ಆರ್ಟ್ಸ್ ತಗೊಂಡ್ಲು ಅಂತ ಮಂದಿ ಅಂತಾರ," ಅಂದರು ಮಾವ. "ಮಂದಿ ಬಂದು ಖೋ ಕೊಡ್ತಾರೇನ್ ಅಪ್ಪಾ?" ಅಂದಳು ಅವಳು. ಅವರು ಮಾತಾಡಲಿಲ್ಲ, ನಗಲೂ ಇಲ್ಲ.

ಬರೋ ಶನಿವಾರ ಅಪ್ಪ ಮಗಳು ಇಬ್ಬರೂ ರಾತ್ರಿ ಬಸ್ ಹತ್ತುತ್ತಾರೆ. ಟ್ರಯಲ್ ಆಡಲಿ, ಹಾಸ್ಟೆಲಲ್ಲಿ ಒಂದು ಊಟ ಮಾಡಲಿ, ಕೋಚ್ ಇಲ್ಲದಾಗ ಅಲ್ಲಿನ ಹುಡುಗಿಯರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಲಿ ಅಂತ ಹೇಳೀನಿ. ಪ್ರಶ್ನೆಗಳ ಚೀಟಿ ಮಾವನ ಜೇಬಲ್ಲಿದೆ. ಗಂಗಾವತಿ ಕಾಲೇಜಿನ ಅರ್ಜಿಯನ್ನೂ ತುಂಬಿ ಇಟ್ಟೀವಿ.