ನೀರಿಲ್ಲದ ಕ್ಷೌರ

ಇವತ್ತಿನ ಮಾತು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಯಂತ್ರವೊಂದರ ಬಗ್ಗೆ. ಅದು ಎಲೆಕ್ಟ್ರಿಕ್ ಶೇವರ್. ಸೋಪಿಲ್ಲ, ಬ್ರಷ್ ಇಲ್ಲ, ನೀರಿಲ್ಲ. ಸ್ವಿಚ್ ಒತ್ತಿದರೆ ದುಂಬಿಯ ಹಾಗೆ ಗುಂಯ್ ಎನ್ನುತ್ತ ಗಡ್ಡ ತೆಗೆಯುವ ಈ ವಸ್ತುವಿನ ಯೋಚನೆ ಮೊದಲು ಹೊಳೆದದ್ದು ಯಾವುದೋ ಕಾರ್ಖಾನೆಯಲ್ಲೋ ಪ್ರಯೋಗಾಲಯದಲ್ಲೋ ಅಲ್ಲ. ವಿದ್ಯುತ್ತಿನ ಸುಳಿವೇ ಇಲ್ಲದ ಹಿಮದ ಕಾಡಿನಲ್ಲಿ, ಕಾಲು ಉಳುಕಿಸಿಕೊಂಡು ಮಲಗಿದ್ದ ಒಬ್ಬ ನಿವೃತ್ತ ಸೈನಿಕನಿಗೆ.

ಆತನ ಹೆಸರು ಜೇಕಬ್ ಶಿಕ್. ಹುಟ್ಟಿದ್ದು 1877ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. 1898ರಲ್ಲಿ ಸ್ಪೇನ್ ಜತೆ ಅಮೆರಿಕ ಯುದ್ಧಕ್ಕಿಳಿದಾಗ ಸೇನೆ ಸೇರಿದ. ಫಿಲಿಪ್ಪೀನ್ಸ್‌ನಲ್ಲಿದ್ದಾಗ ಆಮಶಂಕೆ ಹಿಡಿದು ಸೊರಗಿದ. ಚಳಿಯ ಪ್ರದೇಶ ಒಗ್ಗೀತು ಎಂದು 1905ರಲ್ಲಿ ಅಲಾಸ್ಕಕ್ಕೆ ಕಳಿಸಲಾಯಿತು. ಉಷ್ಣವಲಯದಿಂದ ಉತ್ತರ ಧ್ರುವದ ಅಂಚಿಗೆ! ಅಲ್ಲಿ ಸೇನೆಯವರು ಎಳೆಯುತ್ತಿದ್ದ ಸಾವಿರ ಮೈಲಿಗೂ ಹೆಚ್ಚು ಉದ್ದದ ತಂತಿ ಮಾರ್ಗದ ಕೆಲಸದಲ್ಲಿ ದುಡಿದು, 1910ರಲ್ಲಿ ನಿವೃತ್ತನಾದ. ನಿವೃತ್ತಿಯ ನಂತರ ಊರಿಗೆ ಮರಳದೆ ಅದೇ ಉತ್ತರದ ಕಾಡುಗಳಲ್ಲಿ ಚಿನ್ನ ಹುಡುಕುತ್ತ ಅಲೆಯತೊಡಗಿದ.

ಮುಂದಿನದು ಶಿಕ್‌ನ ಬಗ್ಗೆ ಬರೆದವರೆಲ್ಲ ಹೇಳುವ ಕಥೆ. ಕಾಡಿನಲ್ಲಿ ಪಾದದ ಗಂಟು ಉಳುಕಿತು. ಹೊರಗೆ ಮೈನಸ್ 40 ಡಿಗ್ರಿ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಇಲ್ಲಿ ಕೇಳಬೇಕಿಲ್ಲ. ಮೈನಸ್ 40ರಲ್ಲಿ ಎರಡೂ ಒಂದೇ.) ಮೂಸ್ ಎಂಬ ಭಾರಿ ಗಾತ್ರದ ಜಿಂಕೆಯೊಂದನ್ನು ಹೊಡೆದು, ಅದರ ಮಾಂಸದಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡ. ದಿನವೂ ಮಂಜುಗಡ್ಡೆಯಂಥ ನೀರು ಮುಖಕ್ಕೆ ಬಳಿದು ಗಡ್ಡ ತೆಗೆಯುವುದು ನರಕವಾಯಿತು. ನೀರೇ ಬೇಡದ ಕ್ಷೌರ ಸಾಧ್ಯವಿಲ್ಲವೇ ಎಂಬ ಯೋಚನೆ ಬಂದದ್ದು ಆಗ.

ಗಡ್ಡ ಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಅಂಥ ಚಳಿಯಲ್ಲಿ ಉಸಿರಿನ ತೇವ ಗಡ್ಡದಲ್ಲೇ ಹೆಪ್ಪುಗಟ್ಟುತ್ತದೆ, ಮುಖಕ್ಕೆ ಮಂಜಿನ ಗಟ್ಟಿ ಅಂಟಿಕೊಳ್ಳುತ್ತದೆ. ಬಿಡುವುದೂ ಕಷ್ಟ, ತೆಗೆಯುವುದೂ ಕಷ್ಟ.

ಶಿಕ್ ನಕ್ಷೆ ಬರೆದು ತಯಾರಕರಿಗೆ ಕಳಿಸಿದ. ಒಬ್ಬರೂ ಒಪ್ಪಲಿಲ್ಲ. ಅವರನ್ನು ಪೂರ್ತಿ ತಪ್ಪೆನ್ನುವಂತಿಲ್ಲ. ಆ ಮೊದಲ ಮಾದರಿಯಲ್ಲಿ ಮೋಟಾರು ಬೇರೆ, ಗಡ್ಡ ತೆಗೆಯುವ ತಲೆ ಬೇರೆ. ಎರಡರ ನಡುವೆ ತಿರುಗುವ ಬಳುಕು ದಂಡ. ಗಡ್ಡ ತೆಗೆಯಲು ಎರಡೂ ಕೈ ಬೇಕಾಗಿದ್ದ ಯಂತ್ರವನ್ನು ಯಾರು ಕೊಳ್ಳುತ್ತಾರೆ? ಅಲ್ಲದೆ ವಿದ್ಯುತ್ತಿನಿಂದ ಕ್ಷೌರ ಮಾಡುವ ಆಸೆಯೂ ಹೊಸದಾಗಿರಲಿಲ್ಲ. ಜಾನ್ ಓರೂರ್ಕ್ ಎಂಬಾತ 1898ರಲ್ಲೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದು ಕಾಗದದಲ್ಲೇ ಉಳಿಯಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಶಿಕ್ ಮತ್ತೆ ಸೇನೆಗೆ ಹೋಗಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಗೇರಿದ. ಗಡ್ಡದ ಚರಿತ್ರೆಯಲ್ಲಿ ಈ ಯುದ್ಧಕ್ಕೆ ದೊಡ್ಡ ಸ್ಥಾನವಿದೆ. ವಿಷಾನಿಲದಿಂದ ಪಾರಾಗಲು ಹಾಕುವ ಮುಖವಾಡ ಚರ್ಮಕ್ಕೆ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಕೂಡದು. ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ ಜಿಲೆಟ್ ಕಂಪೆನಿಯಿಂದ 35 ಲಕ್ಷ ಸೇಫ್ಟಿ ರೇಜರ್ ಮತ್ತು 3 ಕೋಟಿ 20 ಲಕ್ಷ ಬ್ಲೇಡು ಕೊಂಡಿತು. ಇದೇ ಕಂಪೆನಿ 1903ರಲ್ಲಿ, ವ್ಯಾಪಾರದ ಮೊದಲ ವರ್ಷ, ಮಾರಿದ್ದು ಬರೀ 51 ರೇಜರ್! ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಗಡ್ಡ ತೆಗೆಸಿಕೊಳ್ಳುತ್ತಿದ್ದ ತರುಣರು ಯುದ್ಧ ಮುಗಿಸಿ ಬರುವಾಗ ದಿನವೂ ತಾವೇ ತೆಗೆದುಕೊಳ್ಳುವ ಅಭ್ಯಾಸ ಹೊತ್ತು ತಂದರು. ಶಿಕ್‌ಗೆ ಮುಂದೆ ಸಿಕ್ಕ ಗಿರಾಕಿಗಳು ತಯಾರಾದದ್ದು ಹೀಗೆ.

ಎಲೆಕ್ಟ್ರಿಕ್ ಶೇವರ್‌ಗೆ ಹಣ ಹಾಕುವವರು ಇರಲಿಲ್ಲ. ಹಾಗಾಗಿ ಶಿಕ್ ಮೊದಲು ಸಾಧಾರಣ ರೇಜರ್ ಮಾಡಿ ಹಣ ಗಳಿಸಲು ಹೊರಟ. 1920ರ ದಶಕದ ನಡುವಿನಲ್ಲಿ ಬಂದ ಅವನ ಹೊಸ ರೇಜರ್‌ಗೆ ಸ್ಫೂರ್ತಿ ಸೇನೆಯ ಬಂದೂಕು. ರೈಫಲಿನಲ್ಲಿ ಗುಂಡುಗಳು ಸಾಲಾಗಿ ಕೂತು ಒಂದಾದ ಮೇಲೊಂದು ಮುಂದೆ ಬರುತ್ತವಲ್ಲ, ಹಾಗೆ ಇದರ ಹಿಡಿಯೊಳಗೆ ಬ್ಲೇಡುಗಳು. ಬ್ಲೇಡು ಮುಟ್ಟುವ ಗೊಡವೆಯಿಲ್ಲ, ಬೆರಳು ಕುಯ್ದುಕೊಳ್ಳುವ ಭಯವಿಲ್ಲ. ವ್ಯಾಪಾರ ಚೆನ್ನಾಗಿಯೇ ಆಯಿತು.

ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ, ನಡೆಯುತ್ತಿರುವ ಕಂಪೆನಿ, ಕೈತುಂಬ ಹಣ. ಶಿಕ್ ಆ ಕಂಪೆನಿಯನ್ನೇ ಮಾರಿಬಿಟ್ಟು, ಬಂದ ಹಣವನ್ನು ವಿದ್ಯುತ್ ಶೇವರ್‌ಗೆ ಸುರಿದ. ಪತ್ನಿ ಫ್ಲಾರೆನ್ಸ್ ಮನೆಯನ್ನೂ 10,000 ಡಾಲರಿಗೆ ಅಡ ಇಟ್ಟಳೆಂದು ಹೇಳುತ್ತಾರೆ. ಹೊಸ ಯಂತ್ರಕ್ಕೆ ಪೇಟೆಂಟುಗಳೇನೋ ಸಿಕ್ಕವು. ಆದರೆ ಮನೆ ಉಳಿಯಬೇಕಾದರೆ ಯಂತ್ರ ಮಾರಾಟವಾಗಬೇಕಿತ್ತು.

ಈ ಯಂತ್ರ ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ನಮ್ಮ ಸಲೂನ್‌ಗಳ ಕೂದಲು ಕತ್ತರಿಸುವ ಕೈಮಿಷನ್ನು ನೆನೆಸಿಕೊಳ್ಳಿ. ಹಲ್ಲಿನ ಮೇಲೆ ಹಲ್ಲು ಅತ್ತಿತ್ತ ಸರಿಯುತ್ತದೆ, ನಡುವೆ ಸಿಕ್ಕ ಕೂದಲು ತುಂಡಾಗುತ್ತದೆ. ಶಿಕ್ ಮಾಡಿದ್ದು ಅದರ ಅತಿ ಸಣ್ಣ ರೂಪ. ಹೊರಗೆ ಸೀಳುಗಳಿರುವ ತೆಳು ಲೋಹದ ಹೊದಿಕೆ, ಒಳಗೆ ವೇಗವಾಗಿ ಹಿಂದೆ ಮುಂದೆ ಓಡುವ ಅಲಗು. ಕೂದಲು ಸೀಳಿನೊಳಗೆ ತೂರುತ್ತದೆ, ಚರ್ಮ ತೂರುವುದಿಲ್ಲ. ಹೊದಿಕೆ ದಪ್ಪವಾದರೆ ಗಡ್ಡ ಮುಳ್ಳುಮುಳ್ಳಾಗಿ ಉಳಿಯುತ್ತದೆ, ತೀರಾ ತೆಳುವಾದರೆ ಬಾಗಿ ಕೆಡುತ್ತದೆ. ಜತೆಗೆ ಮೋಟಾರನ್ನು ಮುಷ್ಟಿಯೊಳಗೆ ಹಿಡಿಸುವಷ್ಟು ಕಿರಿದು ಮಾಡಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ ಎರಡು ಕೈ ಬೇಡುತ್ತಿದ್ದ ಯಂತ್ರ ಈಗ ಒಂದು ಕೈಗೆ ಇಳಿಯಿತು.

1931ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ಶೇವರ್ ಮಾರಾಟಕ್ಕೆ ಬಂತು. ಬೆಲೆ 25 ಡಾಲರ್. ಇದಕ್ಕಿಂತ ಕೆಟ್ಟ ಮುಹೂರ್ತ ಹುಡುಕಿದರೂ ಸಿಗುತ್ತಿರಲಿಲ್ಲ. 1929ರಲ್ಲಿ ಷೇರುಪೇಟೆ ಕುಸಿದು ಬ್ಯಾಂಕುಗಳು ಬಾಗಿಲು ಮುಚ್ಚುತ್ತಿದ್ದ ಕಾಲ. 1933ರ ಹೊತ್ತಿಗಂತೂ ಅಮೆರಿಕದ ದುಡಿಯುವವರಲ್ಲಿ ನಾಲ್ಕರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಹಳ್ಳಿಗಾಡಿನ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಇನ್ನೂ ವಿದ್ಯುತ್ತೇ ಬಂದಿರಲಿಲ್ಲ. ತಮಾಷೆ ನೋಡಿ, ಕಾಡಿನಲ್ಲಿರುವವನ ಕಷ್ಟಕ್ಕೆಂದು ಹೊಳೆದ ಯಂತ್ರ ಕಾಡಿನಲ್ಲಿರುವವನಿಗೇ ಉಪಯೋಗವಿಲ್ಲ! ಬಿಸಿನೀರಿನ ನಲ್ಲಿ ಇರುವ ಪಟ್ಟಣದ ಮನೆಯಲ್ಲೇ ಪ್ಲಗ್ಗೂ ಇದ್ದದ್ದು.

ಮೊದಲ ವರ್ಷ ಮಾರಾಟವಾದದ್ದು ಸುಮಾರು 3,000. ಶಿಕ್ ಬಂದ ಲಾಭವನ್ನು ಮತ್ತೆ ಜಾಹೀರಾತಿಗೇ ಹಾಕಿದ. ಬೆಲೆ 15 ಡಾಲರಿಗೆ ಇಳಿಯಿತು, ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್ ಕಾರ್ಖಾನೆ ಬೆಳೆಯಿತು. 1937ರ ಹೊತ್ತಿಗೆ ಮಾರಾಟ 18 ಲಕ್ಷ ದಾಟಿತ್ತು. ಅದೇ ವರ್ಷ ಟೈಪ್‌ರೈಟರಿಗೆ ಹೆಸರಾದ ರೆಮಿಂಗ್ಟನ್ ರ‍್ಯಾಂಡ್ ಮತ್ತು ಸನ್‌ಬೀಮ್ ಕಂಪೆನಿಗಳು ತಮ್ಮ ಶೇವರ್‌ಗಳನ್ನು ತಂದವು. ಪೈಪೋಟಿಯ ಜತೆಗೆ ಪೇಟೆಂಟ್ ವ್ಯಾಜ್ಯಗಳೂ ಕೋರ್ಟು ಹತ್ತಿದವು.

ಕಥೆಯ ಕೊನೆ ಅಷ್ಟು ಚೊಕ್ಕಟವಾಗಿಲ್ಲ. ಶಿಕ್ ತನ್ನ ಆಸ್ತಿಯ ಬಹುಪಾಲನ್ನು ಬಹಾಮಾ ದ್ವೀಪದ ಕಂಪೆನಿಗಳಿಗೆ ವರ್ಗಾಯಿಸಿ, 1935ರಲ್ಲಿ ಕೆನಡಾದ ಪ್ರಜೆಯಾದ. ಅಮೆರಿಕದ ತೆರಿಗೆ ತಪ್ಪಿಸಿಕೊಳ್ಳಲು ಎಂಬುದು ಗುಟ್ಟಾಗಿ ಉಳಿಯಲಿಲ್ಲ. ಇಪ್ಪತ್ತು ವರ್ಷಗಳ ಹಟದ ಬಗ್ಗೆ ಮೂಡುವ ಮೆಚ್ಚುಗೆಗೆ ಇಲ್ಲಿ ಸ್ವಲ್ಪ ಮಸಿ ತಗಲುತ್ತದೆ. ದಿನವೂ ಸರಿಯಾಗಿ ಗಡ್ಡ ತೆಗೆದುಕೊಂಡರೆ ಮನುಷ್ಯ 120 ವರ್ಷ ಬದುಕಬಲ್ಲನೆಂದು ಶಿಕ್ ನಂಬಿದ್ದನಂತೆ. 1937ರ ಜುಲೈ 3ರಂದು ತೀರಿಕೊಂಡಾಗ ಆತನಿಗೆ ಅರವತ್ತೂ ತುಂಬಿರಲಿಲ್ಲ.

ಮುಂದಿನ ಹೆಜ್ಜೆಗಳು ಯೂರೋಪಿನವು. ಹಾಲೆಂಡಿನ ಫಿಲಿಪ್ಸ್ ಕಂಪೆನಿಯ ಎಂಜಿನಿಯರ್ ಅಲೆಕ್ಸಾಂಡರ್ ಹೊರೊವಿಟ್ಜ್, ಅಲಗು ಅತ್ತಿತ್ತ ಓಡುವ ಬದಲು ಗುಂಡಗೆ ತಿರುಗಲಿ ಎಂದ. ಸೀಳುಗಳಿರುವ ದುಂಡನೆಯ ತಲೆಯ ಫಿಲಿಶೇವ್ ಬಂದದ್ದು 1939ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡಿಗೆ ನುಗ್ಗಿತು. ಜರ್ಮನಿಯ ಮ್ಯಾಕ್ಸ್ ಬ್ರೌನ್ ಕಂಪೆನಿ ಕಾಗದದಂಥ ತೆಳು ಜಾಲರಿಯ ಶೇವರನ್ನು 1950ರಲ್ಲಿ ತಂದಿತು. ಮ್ಯಾಕ್ಸ್ ಬ್ರೌನ್ ಅದರ ಮರುವರ್ಷವೇ ತೀರಿಕೊಂಡ. ಇಂದು ಅಂಗಡಿಯಲ್ಲಿ ಕಾಣುವ ದುಂಡು ತಲೆಯವು, ಜಾಲರಿಯವು ಎಂಬ ಎರಡು ಜಾತಿಗಳು ಬೇರ್ಪಟ್ಟದ್ದು ಇಲ್ಲಿಂದ.

ತಂತಿಯ ಹಂಗು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಚಾರ್ಜ್ ಮಾಡಿ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಶೇವರನ್ನು ರೆಮಿಂಗ್ಟನ್ ಮಾರುಕಟ್ಟೆಗೆ ಬಿಟ್ಟದ್ದು 1960ರಲ್ಲಿ. ಶಿಕ್ ಸೇನೆ ಬಿಟ್ಟು ಚಿನ್ನ ಹುಡುಕಲು ಹೊರಟು ಆಗ 50 ವರ್ಷವಾಗಿತ್ತು.