ಪ್ರಿಂಟರ್ ಬದಲಿಸುವ ಮುನ್ನ ಬಟ್ಟೆಯನ್ನು ಅರಿಯಿರಿ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹರೂಪ)



ಸ್ವಉದ್ಯೋಗದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ಕೇಳಿದಾಗ ಹಿಂಜರಿದೆ. ನಾನು ಭಾಷಣಕಾರನಲ್ಲ, ಪ್ರಿಂಟಿಂಗ್ ಅಂಗಡಿಯವನು. ಹಾಗಾಗಿ ನನಗೆ ಗೊತ್ತಿರುವ ಒಂದೇ ಕೆಲಸದ ಬಗ್ಗೆ ಹೇಳುತ್ತೇನೆ.

ಮಗ್, ಜೆರ್ಸಿಗಳ ಮೇಲೆ ಫೋಟೋ, ಹೆಸರು ಅಚ್ಚು ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಸಾದಾ ಇಂಕ್‌ಜೆಟ್ ಪ್ರಿಂಟರಿಗೆ ಸಬ್ಲಿಮೇಶನ್ ಇಂಕ್ ತುಂಬಿಸಿ, ಒಂದು ಹೀಟ್ ಪ್ರೆಸ್ ಇಟ್ಟುಕೊಂಡರೆ ಸಾಕು ಎನ್ನುತ್ತಾರೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು.

ಮೊದಲು ಪ್ರಿಂಟರ್. ಕ್ಯಾನನ್, ಎಚ್‌ಪಿಯವರ ಮನೆಬಳಕೆಯ ಇಂಕ್‌ಜೆಟ್‌ಗಳು ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿಯನ್ನು ಹೊರತಳ್ಳುತ್ತವೆ. ಎಪ್ಸನ್‌ನಲ್ಲಿ ವಿದ್ಯುತ್ ಹರಿದಾಗ ಬಾಗುವ ಪೀಜೋ ಹರಳು ಹನಿಯನ್ನು ನೂಕುತ್ತದೆ. ಅಲ್ಲಿ ಬಿಸಿಯ ಕೆಲಸವಿಲ್ಲ. ನಮ್ಮ ಇಂಕ್ ಬಿಸಿ ತಾಗಿದರೆ ಬದಲಾಗುವಂಥದ್ದು, ಆದ್ದರಿಂದ ಪೀಜೋ ಪ್ರಿಂಟರನ್ನೇ ಆರಿಸಬೇಕು. ಇಂಕ್ ಟ್ಯಾಂಕ್ ಇರುವ ಹೊಸ ಪ್ರಿಂಟರಿಗೆ ಮೊದಲ ದಿನದಿಂದಲೇ ಈ ಇಂಕ್ ತುಂಬುವುದು ಒಳ್ಳೆಯದು. ಬಳಸಿದ ಪ್ರಿಂಟರಾದರೆ ನಳಿಕೆಯಲ್ಲಿ ಉಳಿದ ಹಳೆಯ ಇಂಕ್ ಬೆರೆತು ಬಣ್ಣ ಕೆಡುತ್ತದೆ. ಕಂಪೆನಿಯ ವಾರಂಟಿಯ ಆಸೆ ಬಿಡಿ. ಮತ್ತೆ ಅದರಲ್ಲೇ ಕಾಲೇಜಿನ ಅಸೈನ್‌ಮೆಂಟ್ ತೆಗೆಯುವ ಆಸೆಯನ್ನೂ ಬಿಡಿ! ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಹಾಳೆ ಪ್ರಿಂಟ್ ಮಾಡಬೇಕು, ಇಲ್ಲವಾದರೆ ಹೆಡ್ ಕಟ್ಟಿಕೊಳ್ಳುತ್ತದೆ.

ಇನ್ನು ಬಟ್ಟೆಯ ವಿಷಯ. ನಾನು ಕೈ ಸುಟ್ಟುಕೊಂಡದ್ದು ಇಲ್ಲೇ.

ಆರಂಭದಲ್ಲಿ ವಾಲಿಬಾಲ್ ತಂಡವೊಂದಕ್ಕೆ ಜೆರ್ಸಿ ಮಾಡಿಕೊಡಲು ಒಪ್ಪಿಕೊಂಡೆ. ಬಟ್ಟೆ ತಂದುಕೊಟ್ಟವರು ಪಾಲಿಯೆಸ್ಟರ್ ಎಂದರು, ನಾನು ನಂಬಿದೆ. ಪ್ರೆಸ್‌ನಿಂದ ತೆಗೆದಾಗ ಚೆನ್ನಾಗಿಯೇ ಕಂಡಿತು. ಎರಡು ಸಲ ಒಗೆದ ಮೇಲೆ ಹುಡುಗರು ಹೊತ್ತು ತಂದರು, ಬೆನ್ನಿನ ಮೇಲಿನ ಹೆಸರು ಹುಡುಕಿ ಓದಬೇಕಿತ್ತು. ಅದರಲ್ಲಿ ಹತ್ತಿ ಹೆಚ್ಚಿತ್ತು. ಆ ಹುಡುಗರು ಚಂದಾ ಎತ್ತಿ ಕೊಟ್ಟ ಹಣವದು. ಮರಳಿಸಿದೆ. ಅದಕ್ಕಾಗಿ ಮೂರು ತಿಂಗಳು ಪ್ರೆಸ್‌ನ ಕಂತು ಕಟ್ಟಲಾಗಲಿಲ್ಲ.

ಹೀಗಾದದ್ದೇಕೆ? ಸಬ್ಲಿಮೇಶನ್ ಬಣ್ಣ ಕಾಯಿಸಿದಾಗ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ, ಕರ್ಪೂರದ ಹಾಗೆ. ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 60 ಸೆಕೆಂಡ್ ಒತ್ತಿದರೆ ಪಾಲಿಯೆಸ್ಟರ್ ಎಳೆ ಸಡಿಲಗೊಂಡು ಆ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ತಣಿದಾಗ ಹಿಡಿದಿಡುತ್ತದೆ. ಹತ್ತಿಯ ಎಳೆಗೆ ಆ ಗುಣವಿಲ್ಲ; ಬಣ್ಣ ಮೇಲೆಯೇ ಉಳಿದು ಸಾಬೂನಿಗೆ ಹೋಗುತ್ತದೆ. ಪಿಂಗಾಣಿ ಮಗ್ ಕೂಡ ಹಾಗೆಯೇ ಬಣ್ಣ ಹಿಡಿಯದು, ಮೇಲೆ ಪಾಲಿಮರ್ ಲೇಪನ ಇರಲೇಬೇಕು. ಈ ಇಂಕ್‌ಗಳಲ್ಲಿ ಬಿಳಿ ಇಲ್ಲ, ಹಾಗಾಗಿ ಕಪ್ಪು ಬಟ್ಟೆಯ ಆರ್ಡರ್ ಒಪ್ಪಬೇಡಿ.

ಹತ್ತಿ ಬಟ್ಟೆಯೇ ಬೇಕೆನ್ನುವವರಿಗೆ ಹೀಟ್ ಟ್ರಾನ್ಸ್‌ಫರ್ ಪೇಪರ್ ಇದೆ. ಅದಕ್ಕೆ ಸಾದಾ ಇಂಕಿನ ಬೇರೆ ಪ್ರಿಂಟರ್ ಬೇಕು. ಅಲ್ಲಿ ಚಿತ್ರ ತೆಳು ಪದರವಾಗಿ ಬಟ್ಟೆಯ ಮೇಲೆ ಅಂಟುತ್ತದೆ. ಕೈಗೆ ತಗಲುತ್ತದೆ, ಒಗೆದಂತೆ ಬಿರುಕು ಬಿಡುತ್ತದೆ. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡಿ. ಆರ್ಡರ್ ಹೋದರೆ ಹೋಗಲಿ.

ಈಗ ನಾನು ಯಾರ ಮಾತನ್ನೂ ನಂಬುವುದಿಲ್ಲ. ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು ಬೆಂಕಿಗೆ ಹಿಡಿಯುತ್ತೇನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಎರಡೂ ಸೇರಿದ್ದರೆ ಎರಡೂ ಲಕ್ಷಣ ಕಾಣುತ್ತವೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ಬಟ್ಟೆಯ ತೇವ ಹೋಗಲು ಮೊದಲು ಬರಿದೇ ಕೆಲವು ಸೆಕೆಂಡ್ ಒತ್ತಿ, ಕಾಗದವನ್ನು ಪೊಟ್ಟಣದಲ್ಲಿ ಮುಚ್ಚಿಡಿ. ಕಿಟಕಿ ತೆರೆದಿರಲಿ, ಆ ಆವಿ ಉಸಿರಾಡುವಂಥದ್ದಲ್ಲ.

ಮೇಜಿನ ಮೇಲಿರುವ ಈ ಹಾಳೆ ನೋಡಿ. ಅಕ್ಷರಗಳೆಲ್ಲ ತಿರುವುಮುರುವು, ಬಣ್ಣ ಮಂಕು. ಪ್ರಿಂಟರ್ ಕೆಟ್ಟಿಲ್ಲ, ಕಾಗದದ ಮೇಲೆ ಅದು ಹೀಗೆಯೇ ಇರಬೇಕು. ಪ್ರೆಸ್ ಕಾದಿದೆ. ಹಿಂದಿನ ಸಾಲಿನವರೂ ಹತ್ತಿರ ಬನ್ನಿ, ಒಬ್ಬರು ಗಡಿಯಾರ ನೋಡಿಕೊಳ್ಳಿ.